ಆನಾಪಾನಸತಿ: ಗಮನಿಸಿದರೆ ಉಸಿರು ಬಿಗಿಯುತ್ತದೆ, ಸಡಿಲ ಬಿಟ್ಟರೆ ತೂಕಡಿಕೆ

ತಿಳಿನೀರು:

ಆನಾಪಾನಸತಿ, ಅಂದರೆ ಉಸಿರಿನ ಮೇಲೆ ಗಮನ ಇಡುವ ಬೌದ್ಧ ಧ್ಯಾನ, ಅಭ್ಯಾಸ ಮಾಡುವವರಿಗೆ ಕೆಲವು ಪ್ರಶ್ನೆ. ಕೂರುವುದು ದಿನಕ್ಕೊಂದು ಸಲ, ಸುಮಾರು ಅರ್ಧ ಗಂಟೆ, ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ. ಗಮನ ಮೂಗಿನ ಹೊಳ್ಳೆಗಳ ಬಳಿ.

ಒಂದು: ಗಮನಿಸಲು ಶುರುಮಾಡಿದ ಕೂಡಲೇ ಉಸಿರು ಸಹಜವಾಗಿ ಉಳಿಯುವುದಿಲ್ಲ. ನಾನೇ ಎಳೆದು ನಾನೇ ಬಿಡುತ್ತಿರುವ ಹಾಗಾಗುತ್ತದೆ. ಎದೆ ಬಿಗಿಯುತ್ತದೆ, ನಡುನಡುವೆ ಒಂದು ದೊಡ್ಡ ನಿಟ್ಟುಸಿರು ಬೇಕೆನಿಸುತ್ತದೆ. "ಸುಮ್ಮನೆ ನೋಡಿ, ನಿಯಂತ್ರಿಸಬೇಡಿ" ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ. ನಿಯಂತ್ರಿಸದೆ ಇರುವುದು ಹೇಗೆ ಅನ್ನುವುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಎರಡು: ಹೋಗಲಿ ಎಂದು ಸಡಿಲ ಬಿಟ್ಟರೆ ಸ್ವಲ್ಪ ಹೊತ್ತಿಗೇ ತೂಕಡಿಕೆ.

ಮೂರು: ಕಾಲು ಜೋಮು ಹಿಡಿಯುತ್ತದೆ, ಮಂಡಿ ನೋಯುತ್ತದೆ. ಅಲುಗಾಡದೆ ಸಹಿಸಬೇಕೆ, ಕಾಲು ಬದಲಿಸಿದರೆ ನಡೆಯುತ್ತದೆಯೆ?

ಧ್ಯಾನದಿಂದ ಶಾಂತಿ ಸಿಗುತ್ತದೆ ಎಂಬ ಭರವಸೆ ಬೇಡ, ಅದು ಬೇಕಾದಷ್ಟು ಸಿಕ್ಕಿದೆ. ಏನು ಮಾಡಬೇಕು, ಯಾವ ಕ್ರಮದಲ್ಲಿ, ಎಲ್ಲಿ ತಪ್ಪುತ್ತದೆ, ಯಾಕೆ ತಪ್ಪುತ್ತದೆ ಎಂದು ತಿಳಿದವರು ಹೇಳಿದರೆ ಉಪಕಾರ.

ಗಣನೆ:

ಮೊದಲ ಪ್ರಶ್ನೆಯೇ ಮುಖ್ಯ, ಅದರಿಂದ ಶುರು ಮಾಡುತ್ತೇನೆ. ಕಾಲಿನ ವಿಷಯ ಬಲ್ಲವರು ಬೇರೆ ಇದ್ದಾರೆ.

ಉಸಿರಾಟಕ್ಕೆ ಇಬ್ಬರು ಯಜಮಾನರು. ಮೆದುಳಿನ ಕಾಂಡ ತನ್ನ ಪಾಡಿಗೆ ಅದನ್ನು ನಡೆಸಿಕೊಂಡು ಹೋಗುತ್ತದೆ. ಬೇಕೆನಿಸಿದಾಗ ಇಚ್ಛೆಯೂ ಕೈಹಾಕಬಹುದು. ಈಗ ನಿಮ್ಮ ಕಷ್ಟವನ್ನು ನೋಡಿ. ಗಮನದ ಜೊತೆಗೆ "ಸ್ಪಷ್ಟವಾಗಿ ತಿಳಿಯಬೇಕು" ಎಂಬ ಹಂಬಲ ಸೇರಿಕೊಳ್ಳುತ್ತದೆ. ದೊಡ್ಡ ಉಸಿರು ಸಣ್ಣ ಉಸಿರಿಗಿಂತ ಸ್ಪಷ್ಟವಾಗಿ ತಿಳಿಯುತ್ತದೆ. ಹಾಗಾಗಿ ಇಚ್ಛೆ ಸದ್ದಿಲ್ಲದೆ ಉಸಿರನ್ನು ದೊಡ್ಡದು ಮಾಡಿಕೊಡುತ್ತದೆ. ಅಂದರೆ ನೀವು ಎಳೆಯುತ್ತಿರುವುದು ಕಾಣಲೆಂದೇ. "ನಿಯಂತ್ರಿಸಬೇಡ" ಎಂದು ಇದಕ್ಕೆ ಇನ್ನೊಂದು ಆಜ್ಞೆ ಕೊಟ್ಟರೆ ಬಿಗಿ ಇಮ್ಮಡಿಯಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಸಡಿಲಿಸಬೇಕಾದದ್ದು ಸ್ಪಷ್ಟತೆಯ ಹಂಬಲವನ್ನು.

ಎಳೆಯುತ್ತಿದ್ದೀರಿ ಎಂಬುದಕ್ಕೆ ಗುರುತುಗಳಿವೆ. ದೇಹ ಕೇಳುವ ಕ್ಷಣಕಾಲ ಮೊದಲೇ ಒಳಉಸಿರು ಶುರುವಾಗಿಬಿಡುತ್ತದೆ. ಭುಜ ಏರುತ್ತದೆ. ಉಸಿರು ಒಳಬರುವಾಗ ಹುಬ್ಬಿನ ನಡುವೆ ಸಣ್ಣ ಗಂಟು ಬೀಳುತ್ತದೆ. ತುಟಿಯ ಸುತ್ತ, ಬೆರಳ ತುದಿಯಲ್ಲಿ ಜುಮುಜುಮು ಎನಿಸಿ ತಲೆ ಹಗುರಾದರೆ ಅದನ್ನು ದಿವ್ಯಾನುಭವ ಎಂದುಕೊಳ್ಳಬೇಡಿ. ಅಗತ್ಯಕ್ಕಿಂತ ಹೆಚ್ಚು ಉಸಿರಾಡಿ ರಕ್ತದ ಇಂಗಾಲದ ಡೈಆಕ್ಸೈಡ್ ಇಳಿದಾಗ ಆಗುವುದೂ ಇಷ್ಟೇ.

ಮಾಡಬೇಕಾದದ್ದು: ಕೂತ ಮೊದಲ 5 ನಿಮಿಷ ಉಸಿರಿನ ಗೊಡವೆಗೆ ಹೋಗಲೇಬೇಡಿ. ಪೃಷ್ಠ ಆಸನಕ್ಕೆ ತಾಗಿದ ಜಾಗ, ಕಣಕಾಲು ನೆಲಕ್ಕೆ ತಾಗಿದ ಜಾಗ, ಒಂದು ಅಂಗೈ ಇನ್ನೊಂದರ ಮೇಲೆ ಕೂತ ಜಾಗ, ಒಂದಕ್ಕೊಂದು ತಾಗಿದ ತುಟಿಗಳು: ಹೀಗೆ ನಾಲ್ಕು ಕಡೆ ಗಮನವನ್ನು ನಿಧಾನಕ್ಕೆ ತಿರುಗಿಸಿ. ಆಮೇಲೆ ಮೂರು ಸಲ ಬೇಕೆಂದೇ ಉದ್ದಕ್ಕೆ ಉಸಿರು ಬಿಡಿ. ಗಮನಿಸಿ, ಎಳೆದುಕೊಳ್ಳುವುದಲ್ಲ, ಬಿಡುವುದು. ಮೂರನೆಯದು ಮುಗಿದ ಮೇಲೆ ಏನನ್ನೂ ಮಾಡದೆ ಕಾಯಿರಿ. ಉಸಿರು ಪೂರ್ತಿ ಹೊರಹೋದ ನಂತರ ಚಿಕ್ಕದೊಂದು ವಿರಾಮ ಇರುತ್ತದೆ, ಒಂದು ಸೆಕೆಂಡೋ ಎರಡೋ. ಆ ವಿರಾಮದ ಕೊನೆಗೆ ದೇಹ ತಾನಾಗಿ ಉಸಿರು ತೆಗೆದುಕೊಳ್ಳುತ್ತದೆ. ಹೊಟ್ಟೆ ಸ್ವಲ್ಪ ಸಡಿಲಾಗುತ್ತದೆ, ಮೂಗಿನ ಒಳಗೋಡೆಯಲ್ಲಿ ತಂಪು ಹರಿಯುತ್ತದೆ, ಅದಕ್ಕೆ ನಿಮ್ಮ ಅಪ್ಪಣೆ ಬೇಕಿಲ್ಲ. ಕಾಯುವ ಜಾಗ ಇದು. ವಿರಾಮವನ್ನು ಬೇಕೆಂದೇ ಲಂಬಿಸಲು ಹೋಗಬೇಡಿ, ಹೋದರೆ ಅದು ಕುಂಭಕ, ಅಂದರೆ ಉಸಿರು ಹಿಡಿದಿಡುವುದು, ಆಗುತ್ತದೆ, ಮತ್ತೆ ಹಳೆಯ ಕತೆಯೇ.

ಇಷ್ಟಾದರೂ ಕೆಲವು ಉಸಿರು ಎಳೆದಂತೆಯೇ ಬರುತ್ತವೆ. ಬರಲಿ. "ಇದು ಎಳೆದ ಉಸಿರು" ಎಂದು ತಿಳಿದರೆ ಆ ಸುತ್ತಿನ ಕೆಲಸ ಮುಗಿಯಿತು. ಬುದ್ಧನ ಉಪದೇಶಗಳ ಪಾಲಿ ಸಂಗ್ರಹಗಳಲ್ಲಿ (ನಿಕಾಯಗಳಲ್ಲಿ) ಒಂದಾದ ಮಜ್ಝಿಮ ನಿಕಾಯದ 118ನೇ ಸುತ್ತದಲ್ಲಿ (ಉಪದೇಶದಲ್ಲಿ) ಆನಾಪಾನಸತಿಯ 16 ಹಂತಗಳಿವೆ, ಕಾಯ, ವೇದನೆ (ಹಿತ-ಅಹಿತದ ಅನುಭವ), ಚಿತ್ತ, ಧಮ್ಮ (ಮನಸ್ಸಿಗೆ ಕಾಣುವ ಸಂಗತಿಗಳು) ಎಂದು ನಾಲ್ಕು ನಾಲ್ಕರ ಗುಂಪಾಗಿ. ಅದರ ಮೊದಲೆರಡು ಹಂತಗಳನ್ನು ಎಚ್ಚರದಿಂದ ಓದಿ: ಉದ್ದನೆಯ ಉಸಿರನ್ನು ಉದ್ದ ಎಂದು ತಿಳಿಯುತ್ತಾನೆ, ಗಿಡ್ಡ ಉಸಿರನ್ನು ಗಿಡ್ಡ ಎಂದು ತಿಳಿಯುತ್ತಾನೆ. ಉದ್ದ ಮಾಡು ಎಂದು ಅಲ್ಲಿಲ್ಲ, ಗಿಡ್ಡ ಉಸಿರು ಕೀಳು ಎಂದೂ ಇಲ್ಲ. ಮೂರನೆಯ ಹಂತಕ್ಕೆ ಬಂದಾಗ ಇಡೀ ಕಾಯವನ್ನು ಅನುಭವಿಸುವ, ನಾಲ್ಕನೆಯದರಲ್ಲಿ ಕಾಯಸಂಖಾರವನ್ನು, ಅಂದರೆ ಉಸಿರನ್ನೇ, ಶಮನಗೊಳಿಸುವ ತರಬೇತಿ ಶುರುವಾಗುತ್ತದೆ. ಬಹಳ ಜನ ಮೊದಲೆರಡನ್ನು ಹಾರಿ ನೇರ ನಾಲ್ಕನೆಯದಕ್ಕೆ ಕೈಹಾಕುತ್ತಾರೆ. ಶಾಂತವಾಗಬೇಕೆಂದು ಉಸಿರನ್ನು ಅದುಮುತ್ತಾರೆ. ನಿಮ್ಮ ನಿಟ್ಟುಸಿರು ಬರುತ್ತಿರುವುದು ಬಹುಶಃ ಅಲ್ಲಿಂದಲೇ.

ಮನಸ್ಸು ನಿಲ್ಲದಿದ್ದರೆ ಎಣಿಕೆ ಸೇರಿಸಿ. 5ನೇ ಶತಮಾನದಲ್ಲಿ ಬುದ್ಧಘೋಷ ಶ್ರೀಲಂಕಾದಲ್ಲಿ ಬರೆದ ಬೌದ್ಧ ಸಾಧನೆಯ ಗ್ರಂಥ ವಿಸುದ್ಧಿಮಗ್ಗದ ಲೆಕ್ಕ ಹೀಗಿದೆ: 5ಕ್ಕಿಂತ ಕಡಿಮೆಗೆ ನಿಲ್ಲಿಸಬಾರದು, 10 ದಾಟಬಾರದು, ನಡುವೆ ಸಂಖ್ಯೆ ಹಾರಿಸಬಾರದು. ಶುರುವಿನಲ್ಲಿ ನಿಧಾನದ ಎಣಿಕೆ, ಒಳಕ್ಕೆ "ಒಂದು", ಹೊರಕ್ಕೆ "ಒಂದು". ಒಳಕ್ಕೆ "ಎರಡು", ಹೊರಕ್ಕೆ "ಎರಡು". 5ಕ್ಕೆ ಮುಟ್ಟಿದ ಮೇಲೆ ಮತ್ತೆ 1ರಿಂದ 6, ಆಮೇಲೆ 1ರಿಂದ 7, ಹೀಗೆ 10ರವರೆಗೆ. ಕಾರಣವನ್ನೂ ಗ್ರಂಥವೇ ಕೊಡುತ್ತದೆ. 5ಕ್ಕಿಂತ ಕಡಿಮೆಯಾದರೆ ಚಿತ್ತ ಇಕ್ಕಟ್ಟಾಗಿ ಚಡಪಡಿಸುತ್ತದೆ, 10 ದಾಟಿದರೆ ಅದು ಉಸಿರನ್ನು ಬಿಟ್ಟು ಸಂಖ್ಯೆಗೇ ಜೋತುಬೀಳುತ್ತದೆ. ತಪ್ಪಿಹೋದರೆ 1ಕ್ಕೆ ವಾಪಸ್ಸು, ಅಷ್ಟೇ. ಎಲ್ಲಿ ತಪ್ಪಿತು ಎಂದು ಹುಡುಕುತ್ತಾ ಕೂರಬೇಡಿ. ಎಣಿಕೆ ಸಲೀಸಾಗಿ ನಡೆಯುತ್ತಾ ಹಿಂದೆ ಬೇರೆ ಯೋಚನೆಯೂ ಓಡುತ್ತಿದ್ದರೆ ಎಣಿಕೆ ಯಾಂತ್ರಿಕವಾಗಿದೆ ಎಂದರ್ಥ. ಆಗ ಸಂಖ್ಯೆಯನ್ನು ಉಸಿರಿನ ಕೊನೆಗೆ ಮಾತ್ರ ಇಡಿ. ಎಣಿಸದೆಯೂ ಗಮನ ನಿಲ್ಲತೊಡಗಿದಾಗ ಎಣಿಕೆಯನ್ನು ಕೈಬಿಡಿ.

ಮಂಡಿಚಿಪ್ಪು:

ಕಾಲಿನ ವಿಷಯ. ಜೋಮು ಬೇರೆ, ಮಂಡಿನೋವು ಬೇರೆ. ಎರಡಕ್ಕೂ ಒಂದೇ ನಿಯಮ ಹಾಕಿಕೊಂಡವರು ಮಂಡಿ ಕಳೆದುಕೊಳ್ಳುತ್ತಾರೆ.

ಜೋಮು ಬರುವುದು ಹೆಚ್ಚಾಗಿ ನರ ಒತ್ತಿಕೊಂಡಾಗ, ತೊಡೆಯ ಹಿಂಭಾಗ ಆಸನದ ಅಂಚಿಗೆ ಸಿಕ್ಕಾಗ ಅಥವಾ ಮಂಡಿಯ ಹೊರಬದಿ ಕೆಳಗೆ ಇನ್ನೊಂದು ಕಾಲಿನ ಭಾರ ಬಿದ್ದಾಗ. ಕಾಲು ಚಾಚಿದ ಒಂದೆರಡು ನಿಮಿಷದಲ್ಲಿ ಸರಿಹೋದರೆ ಗಾಬರಿ ಬೇಡ. ಆದರೆ ಜೋಮು ಹಿಡಿದ ಕಾಲ ಮೇಲೆ ತಟ್ಟನೆ ಎದ್ದು ನಿಲ್ಲಬೇಡಿ, ಪಾದ ಮಡಚಿಕೊಂಡು ಬೀಳುವುದು ಹೀಗೆಯೇ. ಎದ್ದ ಮೇಲೂ ಬಹಳ ಹೊತ್ತು ಪಾದದ ಮರಗಟ್ಟುವಿಕೆ ಹೋಗದಿದ್ದರೆ, ಪಾದ ಎತ್ತಲು ಬಲ ಸಾಲದಿದ್ದರೆ ವೈದ್ಯರಿಗೆ ತೋರಿಸಿ.

ಮಂಡಿಯ ಒಳಗೆ ಚುಚ್ಚಿದಂತೆ, ತಿರುಚಿದಂತೆ ನೋವಾದರೆ ಆ ಕ್ಷಣವೇ ಕಾಲು ಬಿಡಿಸಿ. ಮಂಡಿ ಮುಖ್ಯವಾಗಿ ಮಡಚಲು ಇರುವ ಕೀಲು, ತಿರುಗಬೇಕಾದದ್ದು ಸೊಂಟದ ಕೀಲು. ಸೊಂಟ ಬಿಗಿಯಾಗಿದ್ದು ಕಾಲನ್ನು ಬಲವಂತದಿಂದ ಪದ್ಮಾಸನಕ್ಕೆ ಎಳೆದರೆ ಆ ತಿರುಚನ್ನು ಮಂಡಿ ಹೊರಬೇಕಾಗುತ್ತದೆ. ಅದನ್ನು "ಸಹನೆ" ಎಂದು ಕೂತು ನೋಡುವುದರಲ್ಲಿ ಪುಣ್ಯವೇನೂ ಇಲ್ಲ.

ಕೂರುವ ಕ್ರಮ: ಪೃಷ್ಠದ ಕೆಳಗೆ ಗಟ್ಟಿ ದಿಂಬು ಅಥವಾ ಮಡಚಿದ ಕಂಬಳಿ, 8ರಿಂದ 15 ಸೆಂ.ಮೀ. ಎತ್ತರ. ಅಳತೆ ಮುಖ್ಯವಲ್ಲ, ಸೊಂಟ ಮಂಡಿಗಿಂತ ಮೇಲಿರಬೇಕು ಅನ್ನುವುದು ಮುಖ್ಯ. ದಿಂಬಿನ ಮುಂದಿನ ಮೂರನೇ ಒಂದು ಭಾಗದ ಮೇಲಷ್ಟೇ ಕೂರಿ. ಪೂರ್ತಿ ಹಿಂದಕ್ಕೆ ಸರಿದರೆ ಅಂಚು ತೊಡೆಗೆ ಒತ್ತುತ್ತದೆ, ಸೊಂಟ ಹಿಂದಕ್ಕೆ ವಾಲಿ ಬೆನ್ನು ಗೂನಾಗುತ್ತದೆ. ಕಾಲುಗಳನ್ನು ಒಂದರ ಮೇಲೊಂದು ಹಾಕದೆ, ಒಂದರ ಮುಂದೊಂದು ನೆಲದ ಮೇಲೆಯೇ ಇಡಿ. ಬರ್ಮಾದ ಕ್ರಮ ಎಂದು ಹೇಳುವುದು ಇದನ್ನೇ. ಯಾವ ಮಂಡಿ ನೆಲ ಮುಟ್ಟುವುದಿಲ್ಲವೋ ಅದರ ಕೆಳಗೆ ಟವೆಲ್ ಮಡಚಿಡಿ. ಗಾಳಿಯಲ್ಲಿ ತೂಗುವ ಮಂಡಿಯನ್ನು ತೊಡೆಯ ಸ್ನಾಯು ಅರ್ಧ ಗಂಟೆ ಹಿಡಿದುಕೊಂಡಿರಬೇಕಾಗುತ್ತದೆ, ನೋವು ಶುರುವಾಗುವುದು ಅಲ್ಲಿ. ಕೈಗಳು ಬಹಳ ಕೆಳಗಿದ್ದರೆ ಭುಜವನ್ನು ಎಳೆಯುತ್ತವೆ, ಭುಜ ಕತ್ತನ್ನು ಎಳೆಯುತ್ತದೆ. ಮಡಿಲಲ್ಲಿ ಇನ್ನೊಂದು ಟವೆಲ್ ಇಟ್ಟು ಕೈ ಅದರ ಮೇಲಿಡಿ. ಗದ್ದ ತುಸು ಒಳಕ್ಕೆ.

ಕುರ್ಚಿಯೂ ನಡೆಯುತ್ತದೆ, ಅದರಲ್ಲಿ ಕಡಿಮೆಯೇನಿಲ್ಲ. ಪಾದ ಪೂರ್ತಿ ನೆಲಕ್ಕೆ ತಾಗಬೇಕು, ಬೆನ್ನು ಒರಗಬಾರದು.

ಅಪಾಯವಿಲ್ಲದ ನೋವಾದರೆ, ಅಂದರೆ ಬೆನ್ನಿನ ಸೆಳೆತ, ತೊಡೆಯ ಉರಿಯಂಥದ್ದಾದರೆ, ಕೂಡಲೇ ಅಲುಗಾಡಬೇಡಿ. ಅದರೊಳಗೆ ಏನಿದೆ ಎಂದು ಬಿಡಿಸಿ ನೋಡಿ: ಒತ್ತಡವೆ, ಬಿಸಿಯೆ, ಮಿಡಿತವೆ, ಅಂಚು ಎಲ್ಲಿ, ಒಂದೇ ಸಮ ಇದೆಯೋ ಬಿಟ್ಟುಬಿಟ್ಟು ಬರುತ್ತಿದೆಯೋ. "ಇದು ಯಾವಾಗ ಮುಗಿಯುತ್ತದೆ" ಎಂಬ ರೇಗು ಇದರ ಪಕ್ಕದಲ್ಲೇ ಇರುತ್ತದೆ, ಅದು ಬೇರೆಯದೇ ವಸ್ತು. ಸಲ್ಲ ಸುತ್ತದಲ್ಲಿ ಬುದ್ಧ ಹೇಳುವ ಎರಡನೆಯ ಬಾಣ ಇದು: ಮೊದಲ ಬಾಣ ದೇಹಕ್ಕೆ, ಎರಡನೆಯದು ಮನಸ್ಸಿಗೆ. ಎರಡನ್ನೂ ಬೇರೆಬೇರೆಯಾಗಿ ಕಂಡ ಮೇಲೂ ಕಾಲು ಬದಲಿಸಬೇಕೆನಿಸಿದರೆ ಬದಲಿಸಿ. ಆದರೆ ಬದಲಿಸುವ ಇಚ್ಛೆಯನ್ನು ಮೊದಲು ಗುರುತಿಸಿ, ನಿಧಾನಕ್ಕೆ ಒಂದೇ ಸಲ ಬದಲಿಸಿ, ಆ ಚಲನೆಯನ್ನೂ ಗಮನಿಸಿ. ಕದ್ದುಮುಚ್ಚಿ ಸ್ವಲ್ಪಸ್ವಲ್ಪ ಅಲುಗುವುದರಿಂದ ಕಾಲೂ ಸರಿಹೋಗುವುದಿಲ್ಲ, ಗಮನವೂ ನಿಲ್ಲುವುದಿಲ್ಲ.

ಚಂಕ್ರಮಣ:

ತೂಕಡಿಕೆಗೆ ಬರೋಣ. ಧ್ಯಾನಕ್ಕೆ ಅಡ್ಡಬರುವ ಐದು ನೀವರಣಗಳಲ್ಲಿ ಇದು ಮೂರನೆಯದು, ಥೀನ-ಮಿದ್ಧ (ಜಡತೆ, ಮಂಪರು). ಉಳಿದವು ಕಾಮಚ್ಛಂದ (ಸುಖದ ಆಸೆ), ವ್ಯಾಪಾದ (ದ್ವೇಷ), ಉದ್ಧಚ್ಚ-ಕುಕ್ಕುಚ್ಚ (ಚಡಪಡಿಕೆ, ಪಶ್ಚಾತ್ತಾಪ), ವಿಚಿಕಿಚ್ಛಾ (ಸಂಶಯ).

ಮೊದಲು ಒಂದು ಒಣ ಪ್ರಶ್ನೆ: ರಾತ್ರಿ ನಿದ್ದೆ ಸಾಕಾಗುತ್ತಿದೆಯೆ? ನಿದ್ದೆಯ ಸಾಲ ಇದ್ದರೆ ದೇಹ ಸಿಕ್ಕ ಮೊದಲ ಮೌನದಲ್ಲೇ ಅದನ್ನು ವಸೂಲಿ ಮಾಡುತ್ತದೆ. ಅದಕ್ಕೆ ಔಷಧ ಧ್ಯಾನವಲ್ಲ, ಹಾಸಿಗೆ. ಹೊಟ್ಟೆ ತುಂಬ ಉಂಡು ಕೂತರೂ ಅದೇ ಪಾಡು.

ಅದಲ್ಲವಾದರೆ, ತಲೆ ಜೋಲುವುದಕ್ಕೂ ಮೊದಲಿನ ಮಂಪರನ್ನು ಹಿಡಿಯಲು ಕಲಿಯಬೇಕು. ಇದು ಹಿತವಾಗಿರುತ್ತದೆ, ಅದೇ ಇದರ ಮೋಸ. ಉಸಿರು ಗೊತ್ತಾಗುತ್ತಿರುತ್ತದೆ, ಆದರೆ ಒಳಉಸಿರು ಎಲ್ಲಿ ಶುರುವಾಯಿತು ಎಂದು ಕೇಳಿದರೆ ಉತ್ತರವಿಲ್ಲ. ಅರ್ಥವಿಲ್ಲದ ಅರ್ಧ ವಾಕ್ಯಗಳು, ಸಂಬಂಧವಿಲ್ಲದ ಮುಖಗಳು ಹಾದುಹೋಗುತ್ತವೆ. ಗದ್ದ ಒಂದೆರಡು ಬೆರಳು ಇಳಿದಿರುತ್ತದೆ. ಇದನ್ನೇ ಶಾಂತಿ ಎಂದುಕೊಂಡು ವರ್ಷಗಟ್ಟಲೆ ಅದರಲ್ಲೇ ಕೂತುಬಿಡುವವರಿದ್ದಾರೆ. ಪರೀಕ್ಷೆ ಸುಲಭ: ನಿಜವಾದ ಸಮಾಧಿಯಲ್ಲಿ ವಿವರ ಹೆಚ್ಚುತ್ತದೆ, ಮಂಪರಿನಲ್ಲಿ ಕರಗುತ್ತದೆ.

ಮಗಧದಲ್ಲಿ ಶಿಷ್ಯ ಮೊಗ್ಗಲ್ಲಾನ ಕೂತಲ್ಲೇ ತೂಕಡಿಸುತ್ತಿದ್ದಾಗ ಬುದ್ಧ ಕೊಟ್ಟ ಉಪಾಯಗಳು ಅಂಗುತ್ತರ ನಿಕಾಯದಲ್ಲಿವೆ, ಸೌಮ್ಯದಿಂದ ಕಟುವಿನ ಕಡೆಗೆ ಒಂದರ ಮೇಲೊಂದು. ಯಾವ ಯೋಚನೆಯಲ್ಲಿದ್ದಾಗ ಮಂಪರು ಬಂತೋ ಅದನ್ನು ಬಿಡು. ಹೋಗದಿದ್ದರೆ ಕೇಳಿದ ಧಮ್ಮವನ್ನು ಮನಸ್ಸಿನಲ್ಲಿ ಮಥಿಸು. ಬಾಯಿಬಿಟ್ಟು ಪಠಿಸು. ಎರಡೂ ಕಿವಿಯ ಹಾಲೆ ಎಳೆದು ಕೈಕಾಲು ತಿಕ್ಕು. ಎದ್ದು ಕಣ್ಣಿಗೆ ನೀರು ಹಾಕಿ ದಿಕ್ಕುಗಳನ್ನೂ ನಕ್ಷತ್ರಗಳನ್ನೂ ನೋಡು. ಬೆಳಕಿನ ಸಂಜ್ಞೆಯನ್ನು ಮನಸ್ಸಿನಲ್ಲಿ ನಿಲ್ಲಿಸು. ಎದ್ದು ನಡೆ. ಇಷ್ಟಕ್ಕೂ ಜಗ್ಗದಿದ್ದರೆ, ಏಳುವ ನೆನಪಿಟ್ಟುಕೊಂಡು ಬಲಮಗ್ಗುಲಿಗೆ ಮಲಗು. ಕೊನೆಯದು ಮಲಗುವುದು ಅನ್ನುವುದು ನನಗೆ ಬಹಳ ಹಿಡಿಸುತ್ತದೆ. ಇಲ್ಲಿ ಹಠಕ್ಕೆ ಬೆಲೆಯಿಲ್ಲ.

ಕೂತಲ್ಲೇ ಮಾಡಬಹುದಾದ ಮೊದಲ ಕೆಲಸ ಕಣ್ಣು ತೆರೆಯುವುದು. ಝೆನ್ ಅಭ್ಯಾಸದಲ್ಲಿ ಕಣ್ಣು ಸದಾ ಅರ್ಧ ತೆರೆದೇ ಇರುತ್ತದೆ, ನೋಟ ಸುಮಾರು ಒಂದು ಮೀಟರ್ ಮುಂದೆ ನೆಲಕ್ಕೆ. ಆಮೇಲೆ ಬೆನ್ನು ನೇರ ಮಾಡಿ, ನಾಲ್ಕಾರು ಒಳಉಸಿರುಗಳ ಮೊದಲ ತುದಿಯನ್ನು ಹಿಡಿಯಲು ನೋಡಿ.

ಬಿಗಿತಕ್ಕೂ ಮಂಪರಿಗೂ ಒಂದೇ ಮದ್ದು ಕೊಟ್ಟರೆ ಕೆಲಸ ಕೆಡುತ್ತದೆ. ಬೊಜ್ಝಂಗಗಳು, ಅಂದರೆ ಬೋಧಿಗೆ ಒಯ್ಯುವ ಅಂಗಗಳು, ಒಟ್ಟು ಏಳು. ಅವುಗಳಲ್ಲಿ ಧಮ್ಮವಿಚಯ (ಪರಿಶೀಲನೆ), ವೀರ್ಯ (ಪ್ರಯತ್ನ), ಪ್ರೀತಿ (ಉಲ್ಲಾಸ) ಇವು ಎಬ್ಬಿಸುವಂಥವು. ಪಸ್ಸದ್ಧಿ (ಪ್ರಶಾಂತಿ), ಸಮಾಧಿ (ಏಕಾಗ್ರತೆ), ಉಪೇಕ್ಷೆ (ಸಮಭಾವ) ಇವು ತಣಿಸುವಂಥವು. ಚಿತ್ತ ಕುಗ್ಗಿದಾಗ ಎಬ್ಬಿಸುವುದನ್ನು, ಹಾರಾಡುವಾಗ ತಣಿಸುವುದನ್ನು ಬೆಳೆಸು, ಸತಿ (ಎಚ್ಚರದ ಗಮನ) ಮಾತ್ರ ಎಲ್ಲ ಹೊತ್ತಿಗೂ ಬೇಕು ಎಂದು ಸಂಯುತ್ತ ನಿಕಾಯ ಹೇಳುತ್ತದೆ. 8ನೇ ಶತಮಾನದ ಬೌದ್ಧ ಆಚಾರ್ಯ ಕಮಲಶೀಲನ ಭಾವನಾಕ್ರಮ ಗ್ರಂಥದಲ್ಲೂ ಲಯ (ಚಿತ್ತ ಕುಗ್ಗುವುದು) ಮತ್ತು ಔದ್ಧತ್ಯಕ್ಕೆ (ಹಾರಾಡುವುದಕ್ಕೆ) ಇಂಥದೇ ಜೋಡಿ ಚಿಕಿತ್ಸೆ ಇದೆ. ಅದರ ಮೇಲೆ ಅವನು ಇನ್ನೊಂದು ಮಾತು ಸೇರಿಸುತ್ತಾನೆ: ಎರಡೂ ಇಲ್ಲದೆ ಚಿತ್ತ ಸಮವಾಗಿ ಹರಿಯುತ್ತಿರುವಾಗ ಪ್ರಯತ್ನ ಹಾಕಿದರೆ ಆ ಪ್ರಯತ್ನವೇ ವಿಕ್ಷೇಪ, ಚಿತ್ತವನ್ನು ಚೆದುರಿಸುವುದು. ತಿಳಿನೀರು ಅವರ ಬಿಗಿತದಲ್ಲಿ ಅರ್ಧ ಪಾಲು ಇದೇ ಇರಬೇಕು. ಚೆನ್ನಾಗಿ ನಡೆಯುತ್ತಿರುವಾಗಲೂ ತಿದ್ದುತ್ತಿರುವುದು.

ಕೂರುವುದಕ್ಕೆ ಮುಂಚೆ 10 ನಿಮಿಷ ನಡೆದು ನೋಡಿ. 20ರಿಂದ 30 ಹೆಜ್ಜೆಯ ನೇರ ದಾರಿ ಸಾಕು. ಕಣ್ಣು ಕೆಳಗೆ, ಕೈ ಮುಂದೆಯೋ ಹಿಂದೆಯೋ ಕಟ್ಟಿಕೊಂಡು. ಮೊದಲು ಸಹಜ ವೇಗದಲ್ಲಿ ಎಡ, ಬಲ. ಆಮೇಲೆ ನಿಧಾನಿಸಿ ಎತ್ತುವುದು, ಮುಂದೊಯ್ಯುವುದು, ಇಡುವುದು ಎಂದು ಮೂರು ಭಾಗ. ದಾರಿಯ ಕೊನೆಯಲ್ಲಿ ಪೂರ್ತಿ ನಿಲ್ಲಿ, ತಿರುಗುವ ಇಚ್ಛೆ ತಿಳಿದ ಮೇಲೆ ತಿರುಗಿ. ಮನಸ್ಸು ತಪ್ಪಿಸಿಕೊಳ್ಳುವುದು ಹೆಚ್ಚಾಗಿ ಈ ತಿರುವಿನಲ್ಲೇ. ನಡೆಯುತ್ತಾ ಗಳಿಸಿದ ಸಮಾಧಿ ಬಹುಕಾಲ ನಿಲ್ಲುತ್ತದೆ ಎಂದು ಚಂಕ್ರಮಣದ (ನಡಿಗೆಯ ಧ್ಯಾನದ) ಐದು ಲಾಭಗಳಲ್ಲಿ ಒಂದಾಗಿ ಅಂಗುತ್ತರ ನಿಕಾಯ ಎಣಿಸುತ್ತದೆ.

ತಿಳಿನೀರು:

ಎಲ್ಲರಿಗೂ ಧನ್ಯವಾದ. ಉಸಿರು ಬಿಟ್ಟ ನಂತರದ ವಿರಾಮದಲ್ಲಿ ಕಾಯುವ ಉಪಾಯ ಕೂಡಲೇ ಹಿಡಿಯಿತು. ಇನ್ನು ಮೂರು ಪ್ರಶ್ನೆ. ಮೂಗೋ ಹೊಟ್ಟೆಯೋ? ಉಸಿರು ತೀರಾ ಸಣ್ಣದಾಗಿ ಸಿಗದೇ ಹೋದರೆ ದೊಡ್ಡದು ಮಾಡಿಕೊಳ್ಳಬೇಕೆ? ಕೂತಾಗಿನ ಎಚ್ಚರ ಎದ್ದ ಮೇಲೆ ಉಳಿಯಲು ಏನು ಮಾಡಬೇಕು?

ಏರಿಳಿತ:

ಬಿಗಿತದ ಸಮಸ್ಯೆ ಇದ್ದವರಿಗೆ ನಾನು ಮೂಗನ್ನು ಸೂಚಿಸುವುದೇ ಇಲ್ಲ. ಅಷ್ಟು ಚಿಕ್ಕ ಜಾಗಕ್ಕೆ ಗಮನವನ್ನು ಒತ್ತಿ ಇಟ್ಟರೆ ಹುಬ್ಬು, ಹಣೆ ಬಿಗಿಯುತ್ತವೆ, ತಲೆನೋವೂ ಬರುತ್ತದೆ. ಬರ್ಮಾದ ಮಹಾಸಿ ಸಯಾದೊ (1904–1982) ಕಲಿಸಿದಂತೆ ಹೊಟ್ಟೆ ಏರುವುದು, ಇಳಿಯುವುದು ಸಾಕು. ಏರುವಾಗ ಮನಸ್ಸಿನಲ್ಲಿ "ಏರಿತು", ಇಳಿಯುವಾಗ "ಇಳಿಯಿತು". ಶುರುವಿನಲ್ಲಿ ಹೊಕ್ಕುಳಿನ ಮೇಲೆ ಅಂಗೈ ಇಟ್ಟರೆ ಬೇಗ ಸಿಗುತ್ತದೆ. ಯೋಚನೆ ಬಂದರೆ "ಯೋಚನೆ, ಯೋಚನೆ", ಸದ್ದಾದರೆ "ಕೇಳಿತು". ಅದು ಮಾಸಿದ ಮೇಲೆ ಹೊಟ್ಟೆಗೆ ವಾಪಸ್ಸು. ಹೆಸರಿಡುವುದು ತೀರಾ ಮೆತ್ತಗಿರಲಿ, ಗಮನದ ಬಹುಪಾಲು ಅನುಭವದ ಮೇಲೇ ಇರಲಿ. ಪದ ಜೋರಾದರೆ ಅದೇ ಹೊಸ ಗದ್ದಲ.

ಗಣನೆ:

ಏರಿಳಿತ ಅವರ ಮಾತು ಬಿಗಿತದ ಮಟ್ಟಿಗೆ ಸರಿ. ಆದರೆ ಎರಡೂ ಒಂದೇ ಅಭ್ಯಾಸವಲ್ಲ. ಹೊಟ್ಟೆಯ ಏರಿಳಿತದಲ್ಲಿ ನೋಡುವುದು ಚಲನೆಯನ್ನು, ಅಂದರೆ ವಾಯೋಧಾತುವನ್ನು (ದೇಹದಲ್ಲಿನ ಗಾಳಿಯ ಅಂಶವನ್ನು). ಅದು ನೇರ ವಿಪಸ್ಸನೆಯ (ಇದ್ದದ್ದನ್ನು ಇದ್ದಂತೆ ಕಾಣುವ ಒಳನೋಟದ) ದಾರಿ. ವಿಸುದ್ಧಿಮಗ್ಗದ ಆನಾಪಾನದಲ್ಲಿ ಉಸಿರು ತಾಗುವ ಒಂದೇ ಜಾಗದಲ್ಲಿ, ಮೂಗಿನ ತುದಿಯಲ್ಲೋ ಮೇಲ್ದುಟಿಯಲ್ಲೋ, ನಿಂತು ಸಮಾಧಿ ಕಟ್ಟುತ್ತಾರೆ. ಎಸ್. ಎನ್. ಗೋಯೆಂಕಾ ಪರಂಪರೆಯ 10 ದಿನದ ಶಿಬಿರಗಳಲ್ಲೂ ಮೊದಲ ಮೂರು ದಿನ ಈ ಭಾಗದಲ್ಲೇ ಗಮನ ಹರಿತಗೊಳಿಸಿ, ನಾಲ್ಕನೆಯ ದಿನ ಮೈಯ ಸಂವೇದನೆಗಳಿಗೆ ಹೋಗುತ್ತಾರೆ. ಮೂಗನ್ನೇ ಇಟ್ಟುಕೊಳ್ಳುವುದಾದರೆ ಗಮನವನ್ನು ಮೂಗಿಗೆ ಒತ್ತಬೇಡಿ. ಮೈಯೆಲ್ಲ ಹಿನ್ನೆಲೆಯಲ್ಲಿ ಇರಲಿ, ಮುಂದೆ ಉಸಿರಿನ ಸ್ಪರ್ಶ ಇರಲಿ. ಕಣ್ಣುಗುಡ್ಡೆಗಳು ಮೂಗಿನ ಕಡೆ ತಿರುಗಿಕೊಂಡಿವೆಯೇ ನೋಡಿಕೊಳ್ಳಿ, ಹಣೆನೋವಿಗೆ ಬಹಳ ಸಲ ಕಾರಣ ಇಷ್ಟೇ. ಯಾವುದನ್ನೇ ಆರಿಸಿ, ಒಂದು ಕೂರಿಕೆಯ ನಡುವೆ ಬದಲಿಸಬೇಡಿ. ಜಾಗ ಬದಲಿಸುವ ಆಸೆ ಬರುವುದು ಸಾಮಾನ್ಯವಾಗಿ ಬೇಸರ ಬಂದಾಗ, ಆ ಬೇಸರವನ್ನೇ ನೋಡಬೇಕಾದದ್ದು.

ಉಸಿರು ಸಿಗದೇ ಹೋಗುವುದು ಒಳ್ಳೆಯ ಲಕ್ಷಣ. ದೊಡ್ಡದು ಮಾಡಬೇಡಿ. ಬೇರೆ ಕಮ್ಮಟ್ಠಾನಗಳು (ಧ್ಯಾನದ ವಿಷಯಗಳು) ಮುಂದುವರಿದಷ್ಟೂ ಸ್ಪಷ್ಟವಾಗುತ್ತವೆ, ಇದೊಂದು ಮುಂದುವರಿದಷ್ಟೂ ಸೂಕ್ಷ್ಮವಾಗುತ್ತದೆ ಎಂದು ಬುದ್ಧಘೋಷನೇ ಎಚ್ಚರಿಸುತ್ತಾನೆ. ಆಗ ಎದ್ದು ಹೋಗಬೇಡ, ಹೀಗೆ ಯೋಚಿಸು ಅನ್ನುತ್ತಾನೆ: ಉಸಿರು ಯಾರಿಗೆ ಇರುವುದಿಲ್ಲ? ಗರ್ಭದಲ್ಲಿರುವವರಿಗೆ, ನೀರಿನಲ್ಲಿ ಮುಳುಗಿದವರಿಗೆ, ಸತ್ತವರಿಗೆ, ನಾಲ್ಕನೇ ಝಾನ ಎಂಬ ಆಳವಾದ ಏಕಾಗ್ರತೆಯಲ್ಲಿರುವವರಿಗೆ. ನೀನು ಇದ್ಯಾವುದೂ ಅಲ್ಲ, ಅಂದಮೇಲೆ ಉಸಿರು ಇದೆ, ಹಿಡಿಯುವಷ್ಟು ಗಮನ ಇನ್ನೂ ಸೂಕ್ಷ್ಮವಾಗಿಲ್ಲ ಅಷ್ಟೇ. ಕೊನೆಯ ಸಲ ತಾಗಿದ ಜಾಗದಲ್ಲಿ ಕಾದಿರಿ. ಉದ್ದ ಮೂಗಿನವರಿಗೆ ಹೊಳ್ಳೆಯಲ್ಲಿ, ಗಿಡ್ಡ ಮೂಗಿನವರಿಗೆ ಮೇಲ್ದುಟಿಯಲ್ಲಿ ತಾಗುತ್ತದೆ ಎಂಬಷ್ಟು ವಿವರವೂ ಅಲ್ಲಿದೆ. ಒಂದೇ ಎಚ್ಚರ, ಉಸಿರಿನ ಜೊತೆ ವಿವರವೂ ಮಾಯವಾಗಿದ್ದರೆ ಅದು ಚಂಕ್ರಮಣ ಅವರು ಹೇಳಿದ ಮಂಪರು.

ಚಂಕ್ರಮಣ:

ಎದ್ದ ಮೇಲಿನ ಎಚ್ಚರದ ಬಗ್ಗೆ. ದಿನವಿಡೀ ಎಚ್ಚರವಾಗಿರುತ್ತೇನೆ ಎಂಬ ಸಂಕಲ್ಪ ಮಧ್ಯಾಹ್ನದೊಳಗೆ ಮರೆತುಹೋಗುತ್ತದೆ, ಯಾಕೆಂದರೆ ಅದಕ್ಕೆ ಶುರುವೂ ಇಲ್ಲ, ಕೊನೆಯೂ ಇಲ್ಲ. ಸತಿಪಟ್ಠಾನ ಸುತ್ತದ ಸಂಪಜಞ್ಞ (ಮಾಡುವುದನ್ನು ತಿಳಿದು ಮಾಡುವ) ಭಾಗ ಹೇಳುವುದು ಬಿಡಿ ಕ್ರಿಯೆಗಳನ್ನು: ಮುಂದೆ ಹೋಗುವಾಗ, ಹಿಂದೆ ಬರುವಾಗ, ಕೈ ಮಡಚುವಾಗ, ಚಾಚುವಾಗ, ಉಣ್ಣುವಾಗ, ಕುಡಿಯುವಾಗ, ಮಲಮೂತ್ರಕ್ಕೆ ಹೋದಾಗ, ಮಾತಾಡುವಾಗ, ಸುಮ್ಮನಿರುವಾಗ. ಅದರಲ್ಲಿ ಎರಡನ್ನೇ ಆರಿಸಿ, ಒಂದು ವಾರ ಅವನ್ನೇ ಇಟ್ಟುಕೊಳ್ಳಿ. ಮೆಟ್ಟಿಲು ಹತ್ತುವುದು ಒಂದು: ಮೊದಲ ಮೆಟ್ಟಿಲಿನಿಂದ ಕೊನೆಯದರವರೆಗೆ ಅಂಗಾಲು. ಇನ್ನೊಂದು, ಫೋನ್ ಕಡೆ ಕೈ ಹೋಗುವುದು. ಇದು ಹೆಚ್ಚು ಕೆಲಸಕ್ಕೆ ಬರುತ್ತದೆ. ಕೈ ಹೊರಡುವ ಮುಂಚಿನ ಅರೆಕ್ಷಣದಲ್ಲಿ ಏನಿತ್ತು? ಬಹುತೇಕ ಒಂದು ಸಣ್ಣ ಅಹಿತ ಅಥವಾ ಸಪ್ಪೆತನ, ದುಃಖ ವೇದನೆ ಇಲ್ಲವೇ ಅದುಃಖಮಸುಖ (ದುಃಖವೂ ಅಲ್ಲದ, ಸುಖವೂ ಅಲ್ಲದ) ವೇದನೆ. ಅದನ್ನು ಗುರುತಿಸಿ, ಒಂದು ಉಸಿರು ಹೊರಹೋಗುವಷ್ಟು ಹೊತ್ತು ಇರಲು ಬಿಡಿ. ಆಮೇಲೆ ಫೋನ್ ಎತ್ತಿಕೊಂಡರೂ ಅಡ್ಡಿಯಿಲ್ಲ.

ಇಲ್ಲಿ ಸಾಮಾನ್ಯವಾಗಿ ಆಗುವ ಎಡವಟ್ಟು ವೀಕ್ಷಕ ವಿವರಣೆ. "ಈಗ ನಾನು ನೀರು ಕುಡಿಯುತ್ತಿದ್ದೇನೆ, ಈಗ ಲೋಟ ಇಡುತ್ತಿದ್ದೇನೆ" ಎಂದು ತಲೆಯೊಳಗೆ ಓಡುವ ವರದಿ ಸತಿಯಲ್ಲ, ಇನ್ನೊಂದು ಹರಟೆ. ಲೋಟದ ತಂಪು ಬೆರಳಿಗೆ ತಿಳಿದರೆ ಸಾಕು. ವರ್ತಮಾನದಲ್ಲಿರುವುದು ಎಂದರೆ ನಾಳೆಯ ಯೋಜನೆ ಮಾಡಬಾರದು ಎಂದೂ ಅಲ್ಲ. ಯೋಜನೆ ಮಾಡುವಾಗ ಯೋಜನೆ ಮಾಡುತ್ತಿದ್ದೇನೆ ಎಂದು ತಿಳಿದಿರಬೇಕು.

ಮಂಡಿಚಿಪ್ಪು:

ಒಂದು ಎಚ್ಚರಿಕೆ ಬಿಟ್ಟುಹೋಗಿದೆ. ಉಸಿರಿಗೆ ಗಮನ ಕೊಟ್ಟಾಗಲೇ ಗಾಬರಿ ಹೆಚ್ಚಾಗುವವರು ಇರುತ್ತಾರೆ. ಅದರಲ್ಲೂ ಪ್ಯಾನಿಕ್ ತೊಂದರೆ ಇದ್ದವರು, ಹಳೆಯ ಆಘಾತ ಇದ್ದವರು. ಎದೆ ಬಡಿತ ಏರಿ, ತಾನು ತನ್ನಿಂದ ದೂರವಾದಂತೆ, ಸುತ್ತಲಿನದ್ದು ನಿಜವಲ್ಲವೆಂಬಂತೆ ಅನಿಸಿದರೆ ಮುಂದುವರಿಸಬೇಡಿ. ಕಣ್ಣು ತೆರೆದು ಕೋಣೆಯ ವಸ್ತುಗಳನ್ನು ನೋಡಿ, ಪಾದವನ್ನು ನೆಲಕ್ಕೆ ಒತ್ತಿ, ಎದ್ದು ನಡೆಯಿರಿ. ಮುಂದಿನ ಸಲ ಉಸಿರಿನ ಬದಲು ಅಂಗಾಲನ್ನೋ ಹೊರಗಿನ ಸದ್ದನ್ನೋ ಇಟ್ಟುಕೊಳ್ಳಿ, 5 ನಿಮಿಷಕ್ಕೆ ನಿಲ್ಲಿಸಿ. ಮತ್ತೆ ಮತ್ತೆ ಆದರೆ ಮನೋವೈದ್ಯರನ್ನು ಕಾಣಿ. ತೆಗೆದುಕೊಳ್ಳುತ್ತಿರುವ ಮಾತ್ರೆಗಳನ್ನು ಧ್ಯಾನ ಶುರುಮಾಡಿದೆನೆಂದು ಬಿಡಬೇಡಿ. ಅಭ್ಯಾಸ ಕೆಡುಕು ಮಾಡಬಹುದು ಎಂಬುದು ಹೊಸ ಮಾತಲ್ಲ. ವೈಶಾಲಿಯಲ್ಲಿ ಅಶುಭ ಭಾವನೆ (ದೇಹದ ಅಸಹ್ಯತೆಯನ್ನು ನೋಡುವ ಧ್ಯಾನ) ಮಾಡುತ್ತಿದ್ದ ಭಿಕ್ಷುಗಳು ದೇಹದ ಮೇಲೆ ಜಿಗುಪ್ಸೆ ಹುಟ್ಟಿ ಪ್ರಾಣವನ್ನೇ ಕಳೆದುಕೊಂಡ ಪ್ರಸಂಗ ಸಂಯುತ್ತ ನಿಕಾಯದಲ್ಲಿದೆ. ಅದನ್ನು ಕೇಳಿದ ಮೇಲೆ ಬುದ್ಧ ಉಳಿದವರಿಗೆ ಕಲಿಸಿದ್ದು ಇದೇ ಆನಾಪಾನಸತಿ.

ತಿಳಿನೀರು:

ಕೊನೆಯ ಪ್ರಶ್ನೆ. ಕೂರಿಕೆಯ ಕೊನೆಗೆ ಮೈತ್ರಿ ಭಾವನೆ (ಒಳಿತು ಹಾರೈಸುವ ಧ್ಯಾನ) ಸೇರಿಸಬೇಕೆಂದಿದೆ. ಯಾರಿಂದ ಶುರು, ಎಷ್ಟು ಹೊತ್ತು?

ಗಣನೆ:

5 ನಿಮಿಷ ಸಾಕು. ವಿಸುದ್ಧಿಮಗ್ಗದ ಕ್ರಮ: ಮೊದಲು ತನಗೆ, ಆಮೇಲೆ ಗೌರವ ಇರುವ ಒಬ್ಬರಿಗೆ, ಆಪ್ತರಿಗೆ, ಪರಿಚಯವಷ್ಟೇ ಇರುವವರಿಗೆ, ಕೊನೆಗೆ ಆಗದವರಿಗೆ. ಶುರುವಿನಲ್ಲೇ ಆಗದವರನ್ನು ತಂದುಕೊಂಡರೆ ಸಿಟ್ಟು ಏಳುತ್ತದೆ, ಅತಿ ಪ್ರಿಯರನ್ನು ತಂದುಕೊಂಡರೆ ಮೋಹವೋ ಚಿಂತೆಯೋ ಮೈತ್ರಿಯ ವೇಷದಲ್ಲಿ ಬರುತ್ತದೆ. ತೀರಿಕೊಂಡವರನ್ನು ಈ ಅಭ್ಯಾಸಕ್ಕೆ ತೆಗೆದುಕೊಳ್ಳಬೇಡಿ ಎಂದೂ ಅಲ್ಲಿದೆ. ತನಗೇ ಹಾರೈಸಿಕೊಳ್ಳುವುದು ಒಣಒಣವಾಗಿ ಕಂಡರೆ ಗೌರವದ ವ್ಯಕ್ತಿಯಿಂದ ಶುರುಮಾಡಿ ತನ್ನ ಕಡೆ ಬರಬಹುದು, ಹಲವು ಗುರುಗಳು ಹಾಗೆಯೇ ಕಲಿಸುತ್ತಾರೆ. ನೆಮ್ಮದಿಯಾಗಿರಲಿ, ವೈರವಿಲ್ಲದೆ ಇರಲಿ, ಇಂಥ ಎರಡೇ ವಾಕ್ಯ ಇಟ್ಟುಕೊಳ್ಳಿ. ಒಂದು ವಾಕ್ಯ, ಒಂದೆರಡು ಉಸಿರಿನ ಬಿಡುವು, ಮತ್ತೆ ಇನ್ನೊಂದು. ಭಾವ ಉಕ್ಕಲಿಲ್ಲವೆಂದು ಎದೆಯನ್ನು ಹಿಂಡಲು ಹೋಗಬೇಡಿ, ಉಸಿರಿಗೆ ಮಾಡಿದ್ದನ್ನೇ ಇಲ್ಲೂ ಮಾಡಿದಂತಾಗುತ್ತದೆ. ಮೊದಲ ಕೆಲವು ವಾರ ಮೊದಲಿಬ್ಬರಲ್ಲೇ ನಿಲ್ಲಿ. ಐದೂ ಜನರನ್ನು ಐದು ನಿಮಿಷದಲ್ಲಿ ಮುಗಿಸಬೇಕೆಂದಿಲ್ಲ.